ಬರ್ಮುಡಾ ತ್ರಿಕೋನ, ಸುವರ್ಣ ತ್ರಿಭುಜ: ಕಾಣೆಯಾದ ಹಡಗುಗಳಿಂದ ನಾವು ಕಲಿತ ಪಾಠ

ನಮ್ಮ ಸಂಘದಲ್ಲಿ ತಿಂಗಳಿಗೊಮ್ಮೆ ‘ಹರಟೆ ಪಾಠ’ ಅಂತ ಒಂದು ಕೂಟ ನಡೆಯುತ್ತದೆ. ನಿಯಮ ಎರಡೇ. ವಿಷಯ ಯಾವುದಾದರೂ ಆಗಬಹುದು, ಆದರೆ ಮಾತು ಕನ್ನಡದಲ್ಲೇ ಇರಬೇಕು. ಯಾರ ಮನೆಯಲ್ಲಿ ಸೇರುತ್ತೇವೋ ಅವರು ಚಿತ್ರಾನ್ನ ಮಾಡಬೇಕು. ಈ ವರ್ಷ ಚೀಟಿ ಎತ್ತಿದಾಗ ಬಂದ ವಿಷಯ ಬರ್ಮುಡಾ ತ್ರಿಕೋನ. ಎಲ್ಲರೂ ಒಮ್ಮೆಲೇ ‘ಓಹ್’ ಅಂದೆವು. ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಈ ಹೆಸರು ಮೊದಲು ಕೇಳಿದ್ದು ಕನ್ನಡದಲ್ಲೇ. ಬೇಸಿಗೆ ರಜೆಯಲ್ಲಿ ಅಜ್ಜನ ಮನೆಯ ಹಳೇ ಪತ್ರಿಕೆಯಲ್ಲೋ, ಟಿವಿಯ ‘ನಿಗೂಢ ಲೋಕ’ದಂಥ ಕಾರ್ಯಕ್ರಮದಲ್ಲೋ, ಈಚೆಗೆ ಮನೆಯ ವಾಟ್ಸಾಪ್ ಗುಂಪಿನಲ್ಲೋ. ಹಡಗು ಹೋಯ್ತಂತೆ, ವಿಮಾನ ಹೋಯ್ತಂತೆ, ಒಂದು ಚೂರೂ ಸಿಗಲಿಲ್ಲವಂತೆ.

ಈ ‘ಅಂತೆ’ಗಳಲ್ಲಿ ನಿಜ ಎಷ್ಟು ಅಂತ ನೋಡೋಣ ಎಂದು ಶುರು ಮಾಡಿದ ಹುಡುಕಾಟ ಎರಡು ಕೂಟಗಳಿಗೆ ಬೆಳೆಯಿತು. ಅದರ ಸಾರವನ್ನು ಇಲ್ಲಿ ಪಾಠದ ರೂಪದಲ್ಲಿ ಕೊಡುತ್ತಿದ್ದೇವೆ.

೧. ತ್ರಿಕೋನವನ್ನು ಎಳೆದವರು ಯಾರು?

ಮಯಾಮಿ, ಬರ್ಮುಡಾ ದ್ವೀಪ, ಪೋರ್ಟೊ ರಿಕೊದ ಸಾನ್ ಹುವಾನ್. ಈ ಮೂರು ಬಿಂದುಗಳನ್ನು ಸೇರಿಸಿದರೆ ಸಿಗುವ ಸಮುದ್ರವೇ ಬರ್ಮುಡಾ ತ್ರಿಕೋನ. ವಿಸ್ತೀರ್ಣ ಸುಮಾರು 13 ಲಕ್ಷ ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದಂಥ ಆರು ರಾಜ್ಯಗಳನ್ನು ಅದರೊಳಗೆ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ.

ಈ ಹೆಸರನ್ನು ಯಾವ ನಾವಿಕನೂ ಇಟ್ಟಿದ್ದಲ್ಲ, ಯಾವ ಸರ್ಕಾರಿ ನಕ್ಷೆಯಲ್ಲೂ ಇದು ಬಂದಿರಲಿಲ್ಲ. 1964ರಲ್ಲಿ ವಿನ್ಸೆಂಟ್ ಗ್ಯಾಡಿಸ್ ಎಂಬ ಲೇಖಕ ‘ಆರ್ಗೊಸಿ’ ಎಂಬ ಅಮೆರಿಕನ್ ಪತ್ರಿಕೆಗೆ ಬರೆದ ಲೇಖನದಿಂದ ಹೆಸರು ಊರೆಲ್ಲ ಹರಡಿತು. 1974ರಲ್ಲಿ ಚಾರ್ಲ್ಸ್ ಬರ್ಲಿಟ್ಜ್ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿ ಲೋಕಪ್ರಸಿದ್ಧವಾಯಿತು. ಅಂದರೆ ಮೊದಲು ಅಪಘಾತಗಳ ಪಟ್ಟಿ ಬಂತು, ಆಮೇಲೆ ಅದರ ಸುತ್ತ ಗೆರೆ ಬಂತು.

ಇದರಲ್ಲಿ ತೊಂದರೆ ಏನಪ್ಪಾ ಅಂದರೆ, ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಿದ್ದು ನೆನಪಿದೆಯಲ್ಲ? ಮೊದಲು ಬಿಲ್ಲೆ ಎಸೆದು, ಅದು ಬಿದ್ದ ಕಡೆ ಆಮೇಲೆ ಮನೆ ಬರೆದು, ‘ನೋಡ್ರೋ, ಸರಿಯಾಗಿ ಮನೆಯೊಳಗೇ ಬಿತ್ತು’ ಅಂದರೆ ಯಾರಾದರೂ ಒಪ್ಪುತ್ತಾರಾ? ತ್ರಿಕೋನದ ಗೆರೆಯೂ ಹಾಗೇ ಬಂದದ್ದು. ಅದು ಸಾಲದು ಅಂತ, ಬಿಲ್ಲೆ ಹೊರಗೆ ಬಿದ್ದಾಗಲೂ ಕೆಲವರು ಎತ್ತಿ ಒಳಗಿಟ್ಟರು. ‘ಮೇರಿ ಸೆಲೆಸ್ಟ್’ ಎಂಬ ಹಡಗು 1872ರಲ್ಲಿ ಒಬ್ಬರೂ ಇಲ್ಲದೆ ತೇಲುತ್ತಾ ಸಿಕ್ಕಿದ್ದು ಅಟ್ಲಾಂಟಿಕ್‌ನ ಆಚೆ ಬದಿಯಲ್ಲಿ, ಅಝೋರ್ಸ್ ದ್ವೀಪಗಳಿಗೂ ಪೋರ್ಚುಗಲ್‌ಗೂ ನಡುವೆ. ಆದರೂ ತ್ರಿಕೋನದ ಕಥೆಗಳಲ್ಲಿ ಅದಕ್ಕೆ ಖಾಯಂ ಸೀಟು.

೨. ಒಬ್ಬ ಗ್ರಂಥಪಾಲಕ ಮಾಡಿದ ಕೆಲಸ

ನಮಗೆ ಇಡೀ ಹುಡುಕಾಟದಲ್ಲಿ ತುಂಬಾ ಇಷ್ಟವಾದ ವ್ಯಕ್ತಿ ಲ್ಯಾರಿ ಕುಶ್. ಆತ ವಿಜ್ಞಾನಿ ಅಲ್ಲ, ಪತ್ತೇದಾರ ಅಲ್ಲ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದವರು. 1970ರ ದಶಕದಲ್ಲಿ ನಮ್ಮಂಥ ವಿದ್ಯಾರ್ಥಿಗಳು ಬಂದು ‘ಸರ್, ಬರ್ಮುಡಾ ತ್ರಿಕೋನದ ಬಗ್ಗೆ ಏನಾದರೂ ಇದೆಯಾ’ ಅಂತ ಕೇಳುತ್ತಿದ್ದರು. ಕೊಡೋಣ ಎಂದು ಹುಡುಕಲು ಹೊರಟರೆ, ಸಿಕ್ಕಿದ್ದೆಲ್ಲ ಒಬ್ಬರನ್ನೊಬ್ಬರು ನೋಡಿ ಬರೆದ ಲೇಖನಗಳೇ.

ಆಗ ಕುಶ್ ಮಾಡಿದ್ದು ಬಹಳ ಸರಳವಾದ, ಆದರೆ ಬೇಸರ ಹಿಡಿಸುವ ಕೆಲಸ. ಪ್ರತಿ ಘಟನೆಗೂ ಆ ದಿನದ ಪತ್ರಿಕೆ, ಹವಾಮಾನ ದಾಖಲೆ, ನೌಕಾಪಡೆಯ ತನಿಖಾ ವರದಿ, ವಿಮಾ ಸಂಸ್ಥೆಯ ಕಡತ ತರಿಸಿ ಓದಿದರು. 1975ರಲ್ಲಿ ಅವರ ಪುಸ್ತಕ ಬಂತು. ಅದರಲ್ಲಿ ಹೊರಬಿದ್ದ ಸಂಗತಿಗಳು ಹೀಗಿವೆ: ‘ಶಾಂತ ಸಮುದ್ರದಲ್ಲಿ’ ಕಾಣೆಯಾದವು ಎಂದ ಹಡಗುಗಳಲ್ಲಿ ಹಲವು ಬಿರುಗಾಳಿಗೆ ಸಿಕ್ಕಿದ್ದವು. ‘ಚೂರೂ ಸಿಗಲಿಲ್ಲ’ ಎಂದ ಕೆಲವು ಪ್ರಕರಣಗಳಲ್ಲಿ ಅವಶೇಷ ಸಿಕ್ಕಿತ್ತು. ಕೆಲವು ಬೇರೆ ಸಮುದ್ರಗಳಲ್ಲೇ ನಡೆದಿದ್ದವು. 1902ರ ‘ಫ್ರೇಯಾ’ ಎಂಬ ಹಡಗಿನ ಪ್ರಕರಣ ನಡೆದದ್ದು ಮೆಕ್ಸಿಕೊದ ಪಶ್ಚಿಮ ಕರಾವಳಿಯಲ್ಲಿ, ಅಂದರೆ ಪೆಸಿಫಿಕ್ ಸಾಗರದಲ್ಲಿ! ಇನ್ನು ಕೆಲವು ಹಡಗುಗಳು ಇದ್ದವು ಅನ್ನುವುದಕ್ಕೇ ದಾಖಲೆ ಸಿಗಲಿಲ್ಲ.

ಮೊದಲ ಪಾಠ ಇಲ್ಲೇ ಇದೆ. ಹತ್ತು ಪುಸ್ತಕದಲ್ಲಿ ಒಂದೇ ಮಾತು ಇದ್ದರೆ ಹತ್ತು ಸಾಕ್ಷಿ ಅಂತ ಅಲ್ಲ. ಒಂಬತ್ತು ಜನ ಮೊದಲನೆಯವನನ್ನು ನಕಲು ಮಾಡಿದ್ದರೆ ಸಾಕ್ಷಿ ಒಂದೇ. ನಮ್ಮ ಅಸೈನ್‌ಮೆಂಟ್‌ಗಳಿಗೂ ಇದು ಅನ್ವಯಿಸುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

೩. ಫ್ಲೈಟ್ 19: ಕಥೆ ಮತ್ತು ದಾಖಲೆ

ತ್ರಿಕೋನದ ಕಥೆಗಳಲ್ಲಿ ಅತಿ ದೊಡ್ಡದು ಇದು. 1945ರ ಡಿಸೆಂಬರ್ 5ರ ಮಧ್ಯಾಹ್ನ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ನೌಕಾ ನೆಲೆಯಿಂದ ಐದು ‘ಅವೆಂಜರ್’ ವಿಮಾನಗಳು ತರಬೇತಿಗೆ ಹೊರಟವು. ಒಟ್ಟು 14 ಜನ. ಯಾರೂ ಹಿಂತಿರುಗಲಿಲ್ಲ. ಹುಡುಕಲು ಹೋದ ‘ಮ್ಯಾರಿನರ್’ ವಿಮಾನವೂ 13 ಜನರೊಂದಿಗೆ ಹೋಯಿತು.

ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸಿ ನಮ್ಮ ಮುಖ ನೋಡುತ್ತಾರೆ. ದಾಖಲೆ ಮುಂದುವರಿಯುತ್ತದೆ.

ತಂಡದ ನಾಯಕ ಲೆಫ್ಟಿನೆಂಟ್ ಚಾರ್ಲ್ಸ್ ಟೇಲರ್ ಅನುಭವಿ ಪೈಲಟ್. ಆದರೆ ಅವರು ಮಯಾಮಿ ನೆಲೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದರು. ಮಯಾಮಿಯಲ್ಲಿದ್ದಾಗ ಅವರಿಗೆ ಚೆನ್ನಾಗಿ ಪರಿಚಯವಿದ್ದದ್ದು ಫ್ಲಾರಿಡಾದ ದಕ್ಷಿಣ ತುದಿಯ ‘ಕೀಸ್’ ದ್ವೀಪಸಾಲು. ಅಂದು ದಿಕ್ಸೂಚಿ ಕೈಕೊಟ್ಟಿದೆ ಎಂದು ರೇಡಿಯೊದಲ್ಲಿ ತಿಳಿಸಿದರು, ಕೆಳಗೆ ಕಾಣುತ್ತಿರುವ ದ್ವೀಪಗಳು ಕೀಸ್ ಎಂದು ನಂಬಿದರು. ತನಿಖೆಯ ಪ್ರಕಾರ ಅವರು ನಿಜಕ್ಕೂ ಇದ್ದದ್ದು ಬಹಾಮಾಸ್ ಮೇಲೆ. ಕೀಸ್ ಮೇಲಿದ್ದರೆ ಉತ್ತರಕ್ಕೋ ಈಶಾನ್ಯಕ್ಕೋ ಹೋದರೆ ನೆಲ ಸಿಗುತ್ತದೆ. ಬಹಾಮಾಸ್ ಮೇಲಿಂದ ಹಾಗೆ ಹೋದರೆ ಸಿಗುವುದು ತೆರೆದ ಅಟ್ಲಾಂಟಿಕ್ ಮಾತ್ರ. ಪಶ್ಚಿಮಕ್ಕೆ ತಿರುಗಿದರೆ ಮನೆ ಮುಟ್ಟುತ್ತೇವೆ ಅನ್ನುವ ಅರ್ಥದ ಮಾತನ್ನು ಶಿಷ್ಯ ಪೈಲಟ್‌ಗಳಲ್ಲಿ ಒಬ್ಬರು ಆಡಿದ್ದೂ ರೇಡಿಯೊದಲ್ಲಿ ಕೇಳಿಸಿತ್ತು. ಕತ್ತಲಾಯಿತು, ಹವೆ ಕೆಟ್ಟಿತು, ಸಮುದ್ರ ಒರಟಾಯಿತು, ಇಂಧನ ರಾತ್ರಿ ಎಂಟರ ಆಚೆಗೆ ಬರುವಂತಿರಲಿಲ್ಲ. ಭಾರದ ಅವೆಂಜರ್ ಅಂಥ ನೀರಿನ ಮೇಲೆ ಇಳಿದರೆ ಹೆಚ್ಚು ಹೊತ್ತು ತೇಲುವುದಿಲ್ಲ.

ಮ್ಯಾರಿನರ್ ವಿಮಾನದ ವಿಷಯ ಇನ್ನೂ ಸ್ಪಷ್ಟ. ಇಂಧನದ ಆವಿ ಸೋರಿ ಒಳಗೆ ತುಂಬಿಕೊಳ್ಳುವ ಅಪಾಯಕ್ಕೆ ಆ ಮಾದರಿಯ ವಿಮಾನಗಳು ಕುಖ್ಯಾತವಾಗಿದ್ದವು. ಅದು ಹೊರಟ ಅರ್ಧ ಗಂಟೆಯೊಳಗೆ ‘ಗೇಯ್ನ್ಸ್ ಮಿಲ್ಸ್’ ಎಂಬ ಹಡಗಿನವರು ಸಮುದ್ರದ ಮೇಲೆ ಎತ್ತರದ ಬೆಂಕಿ ನೋಡಿದರು, ಎಣ್ಣೆ ಹರಡಿದ ನೀರಿನ ನಡುವೆ ಹಾದು ಹುಡುಕಿದರು. ‘ಗಾಳಿಯಲ್ಲಿ ಕರಗಿಹೋಯ್ತು’ ಅನ್ನುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ!

ಹಾಗಾದರೆ ನೌಕಾಪಡೆ ‘ಕಾರಣ ಗೊತ್ತಿಲ್ಲ’ ಅಂತ ಬರೆದದ್ದು ಯಾಕೆ? ಇದನ್ನು ತ್ರಿಕೋನವಾದಿಗಳು ದೊಡ್ಡ ಸಾಕ್ಷಿಯಾಗಿ ತೋರಿಸುತ್ತಾರೆ. ಮೊದಲ ವರದಿ ಟೇಲರ್ ಅವರ ಮೇಲೆ ಹೊಣೆ ಹೊರಿಸಿತ್ತು. ದೇಹವಿಲ್ಲ, ವಿಮಾನವಿಲ್ಲ, ನನ್ನ ಮಗನನ್ನು ಹೇಗೆ ತಪ್ಪಿತಸ್ಥ ಅನ್ನುತ್ತೀರಿ ಎಂದು ಅವರ ತಾಯಿ ಪಟ್ಟು ಹಿಡಿದರು. ಆಮೇಲೆ ವರದಿ ಬದಲಾಯಿತು. ಆ ಎರಡು ಪದಗಳ ಹಿಂದೆ ಇದ್ದದ್ದು ಯಾವ ಅನ್ಯಗ್ರಹವೂ ಅಲ್ಲ, ಒಬ್ಬ ಅಮ್ಮ.

೪. ಸಿದ್ಧಾಂತಗಳನ್ನು ತೂಗುವುದು ಹೇಗೆ?

ಕೂಟದಲ್ಲಿ ನಾವು ಒಂದೊಂದು ಸಿದ್ಧಾಂತವನ್ನೂ ಬೋರ್ಡಿನ ಮೇಲೆ ಬರೆದು ಎರಡು ಪ್ರಶ್ನೆ ಕೇಳಿದೆವು. ಒಂದು, ಇದು ನಿಜವಾಗಿದ್ದರೆ ಬೇರೆ ಏನೆಲ್ಲ ಕಾಣಿಸಬೇಕಿತ್ತು? ಎರಡು, ಅದು ಕಾಣಿಸುತ್ತಿದೆಯಾ?

ದಿಕ್ಸೂಚಿಯ ಗೊಂದಲ: ದಿಕ್ಸೂಚಿ ತೋರಿಸುವ ಉತ್ತರಕ್ಕೂ ಭೂಮಿಯ ನಿಜವಾದ ಉತ್ತರಕ್ಕೂ ವ್ಯತ್ಯಾಸ ಇರುತ್ತದೆ. ಕೆಲವು ಕಡೆ ಮಾತ್ರ ಎರಡೂ ಒಂದೇ ಆಗುತ್ತವೆ. ಹಿಂದೊಮ್ಮೆ ಆ ಗೆರೆ ಈ ಪ್ರದೇಶದಲ್ಲಿ ಹಾದುಹೋಗುತ್ತಿತ್ತು. ಇದು ನಿಜವಾದ ಸಂಗತಿ. ಆದರೆ ಎರಡೂ ಒಂದೇ ಆದರೆ ಲೆಕ್ಕ ಸುಲಭವಾಗಬೇಕು, ಕಷ್ಟ ಅಲ್ಲ! ಅದಲ್ಲದೆ ಈ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳುವುದು ನಾವಿಕರಿಗೆ ಶತಮಾನಗಳಿಂದ ಗೊತ್ತಿರುವ ದಿನನಿತ್ಯದ ಕೆಲಸ.

ಮೀಥೇನ್ ಗುಳ್ಳೆಗಳು: ಸಮುದ್ರತಳದಲ್ಲಿ ಮಂಜುಗಡ್ಡೆಯಂತೆ ಕೂತಿರುವ ಮೀಥೇನ್ ಒಮ್ಮೆಲೇ ಹೊರಬಂದರೆ ನೀರಿನ ಸಾಂದ್ರತೆ ಇಳಿದು ಹಡಗು ಮುಳುಗಬಹುದು ಎಂಬ ವಾದ. ಪ್ರಯೋಗಾಲಯದ ತೊಟ್ಟಿಯಲ್ಲಿ ಇದು ಸಾಧ್ಯ. ಆದರೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಹೇಳುವಂತೆ, ಕಳೆದ 15,000 ವರ್ಷಗಳಲ್ಲಿ ಅಲ್ಲಿ ಅಂಥ ದೊಡ್ಡ ಸ್ಫೋಟ ನಡೆದ ಗುರುತಿಲ್ಲ. ಕೇಳಲು ಚೆನ್ನಾಗಿದೆ, ಆದರೆ ಆರೋಪಿ ಸ್ಥಳದಲ್ಲೇ ಇರಲಿಲ್ಲ.

ದೈತ್ಯ ಅಲೆಗಳು: ನಾವಿಕರು ಹೇಳುತ್ತಿದ್ದ ಗೋಡೆಯಂಥ ಒಂಟಿ ಅಲೆಗಳನ್ನು ಬಹಳ ಕಾಲ ಉತ್ಪ್ರೇಕ್ಷೆ ಎಂದೇ ತಿಳಿಯಲಾಗಿತ್ತು. 1995ರ ಜನವರಿ 1ರಂದು ಉತ್ತರ ಸಮುದ್ರದ ‘ಡ್ರಾಪ್ನರ್’ ವೇದಿಕೆಯಲ್ಲಿ ಉಪಕರಣವೇ ಸುಮಾರು 25.6 ಮೀಟರ್ ಎತ್ತರದ ಅಲೆ ಅಳೆಯಿತು. ಹೀಗಾಗಿ ಕೆಲವು ಹಡಗುಗಳಿಗೆ ಈ ವಿವರಣೆ ಹೊಂದಬಹುದು. ಆದರೆ ಗಮನಿಸಿ: ಅಳೆದದ್ದು ನಾರ್ವೆಯ ಹತ್ತಿರ, ತ್ರಿಕೋನದಲ್ಲಲ್ಲ. ವಿಮಾನಗಳಿಗೆ ಇದು ಹೊಂದುವುದೂ ಇಲ್ಲ.

ಅಟ್ಲಾಂಟಿಸ್, ಹಾರುವ ತಟ್ಟೆ, ಕಾಲದ ಬಾಗಿಲು: ಇವುಗಳ ತೊಂದರೆ ಎಂದರೆ ಏನು ನಡೆದರೂ ಇವು ಸರಿಯೇ. ಅವಶೇಷ ಸಿಗದಿದ್ದರೆ ‘ಎತ್ತಿಕೊಂಡು ಹೋದರು’, ಸಿಕ್ಕರೆ ‘ಬಿಟ್ಟು ಹೋದರು’. ಯಾವ ಸಾಕ್ಷಿಯೂ ಸುಳ್ಳು ಮಾಡಲಾಗದ ಮಾತಿನಿಂದ ನಾವು ಹೊಸದಾಗಿ ಏನನ್ನೂ ಕಲಿಯಲಾರೆವು.

ಕೊನೆಗೆ ಭಾಗಾಕಾರದ ಪ್ರಶ್ನೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಒಂದು ವರ್ಷದಲ್ಲಿ ಐದು ಗಾಡಿ ಗುದ್ದಿಕೊಂಡವು, ನಮ್ಮೂರ ಕೆರೆ ಏರಿಯ ಮೇಲೆ ಒಂದೇ ಅಂತಿಟ್ಟುಕೊಳ್ಳಿ. ಸಿಲ್ಕ್ ಬೋರ್ಡ್‌ಗೆ ದೆವ್ವ ಹಿಡಿದಿದೆ ಅನ್ನುತ್ತೀರಾ? ದಿನಕ್ಕೆ ಎಷ್ಟು ಗಾಡಿ ಓಡುತ್ತವೆ ಅಂತ ಕೇಳಬೇಕಲ್ಲ. ತ್ರಿಕೋನ ಜಗತ್ತಿನಲ್ಲೇ ದಟ್ಟಣೆಯ ಸಮುದ್ರಮಾರ್ಗಗಳಲ್ಲಿ ಒಂದು. ಅಮೆರಿಕ, ಕೆರಿಬಿಯನ್, ಯುರೋಪಿನ ಹಡಗುಗಳು, ಸಣ್ಣ ವಿಮಾನಗಳು, ವಾರಾಂತ್ಯದ ಮೋಜಿನ ದೋಣಿಗಳು, ಎಲ್ಲವೂ ಅಲ್ಲೇ. ಚಂಡಮಾರುತದ ಹಾದಿಯೂ ಅದೇ. ವೇಗವಾಗಿ ಹರಿಯುವ ಗಲ್ಫ್ ಸ್ಟ್ರೀಮ್ ಅವಶೇಷಗಳನ್ನು ದೂರ ಒಯ್ಯುತ್ತದೆ. ಓಡಾಟದ ಲೆಕ್ಕದಲ್ಲಿ ನೋಡಿದರೆ ಅಲ್ಲಿ ಅಸಾಧಾರಣ ಪ್ರಮಾಣದ ಅಪಘಾತ ಇಲ್ಲ ಎಂದೇ ಅಮೆರಿಕದ ಕರಾವಳಿ ಕಾವಲು ಪಡೆ ಹೇಳುತ್ತಾ ಬಂದಿದೆ. ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯೂ ಆ ಕಾರಣಕ್ಕೆ ಹೆಚ್ಚು ಕಂತು ಕೇಳುವುದಿಲ್ಲ. ದುಡ್ಡು ಹೋಗುವ ಜಾಗದಲ್ಲಿ ವಿಮೆಯವರು ಸುಮ್ಮನಿರುವ ಪೈಕಿಯೇ?

೫. ಸಂದೇಹವಾದಿಗಳೂ ಎಡವುವ ಜಾಗ

ಇಷ್ಟು ಹೊತ್ತಿಗೆ ನಾವು ಗೆದ್ದವರ ಹಾಗೆ ಚಿತ್ರಾನ್ನ ಬಡಿಸಿಕೊಳ್ಳುತ್ತಿದ್ದೆವು. ‘ಎಲ್ಲ ಬರೀ ಬುರುಡೆ, ಮುಗೀತು’ ಅಂತ ಯಾರೋ ಅಂದರು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ನಮ್ಮ ಗೆಳತಿಯೊಬ್ಬಳು ಮಾತಾಡಿದಳು. ಅವಳ ಊರು ಮಲ್ಪೆಯ ಹತ್ತಿರ.

‘ನೀವು ತ್ರಿಕೋನ ತ್ರಿಕೋನ ಅಂತಿದ್ದೀರಿ ಮಾರಾಯ್ರೆ. ನಮ್ಮಲ್ಲಿ ಹೋದ ದೋಣಿಯ ಹೆಸರು ಸುವರ್ಣ ತ್ರಿಭುಜ.’

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ಬೋಟು ಏಳು ಜನರೊಂದಿಗೆ ಆಳಸಮುದ್ರಕ್ಕೆ ಹೊರಟಿತು. ಏಳರಲ್ಲಿ ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಡಿಸೆಂಬರ್ 15ರ ರಾತ್ರಿಯ ನಂತರ ಸಂಪರ್ಕ ತಪ್ಪಿತು. ಹುಡುಕಾಟ ನಡೆಯಿತು, ಸಿಗಲಿಲ್ಲ. ಜನವರಿಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದರು. ಅಷ್ಟರಲ್ಲಿ ಮಾತುಗಳು ಹಬ್ಬಿದ್ದವು: ಯಾರೋ ಅಪಹರಿಸಿದ್ದಾರಂತೆ, ಎಲ್ಲೋ ಕೂಡಿಹಾಕಿದ್ದಾರಂತೆ, ದೊಡ್ಡ ಹಡಗು ಗುದ್ದಿದೆಯಂತೆ. ‘ಒಂದೊಂದು ಅಂತೆ ಬಂದಾಗಲೂ ಆ ಮನೆಗಳಲ್ಲಿ ಒಂದು ದಿನ ಆಸೆ, ಇನ್ನೊಂದು ದಿನ ಅಳು. ನಿಮಗೆ ಇದು ಕ್ವಿಜ್ ಪ್ರಶ್ನೆ, ಅವರಿಗೆ ಹಾಗಲ್ಲ’ ಅಂದಳು.

ಸುಮಾರು ನಾಲ್ಕೂವರೆ ತಿಂಗಳ ನಂತರ, 2019ರ ಮೇ ಮೊದಲ ವಾರದಲ್ಲಿ ಸುದ್ದಿ ಬಂತು. ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಹಡಗಿನ ತಂಡ ಮಹಾರಾಷ್ಟ್ರದ ಮಾಲ್ವಣ ಕರಾವಳಿಯಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತ್ತು. ಬೋಟು ಸಿಕ್ಕಿತು. ಏಳು ಜನ ಮನೆಗೆ ಬರಲಿಲ್ಲ. ಮುಳುಗಿದ್ದು ಹೇಗೆ ಎಂಬ ವಾದ ಅದರ ನಂತರವೂ ಮುಂದುವರಿಯಿತು.

ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮಗೆ ಆಗ ಅರ್ಥವಾದದ್ದು ಇದು: ‘ಉತ್ತರ ಇನ್ನೂ ಸಿಕ್ಕಿಲ್ಲ’ ಅನ್ನುವುದೂ ‘ಉತ್ತರವೇ ಇಲ್ಲ’ ಅನ್ನುವುದೂ ಬೇರೆ ಬೇರೆ. ರಹಸ್ಯದ ವ್ಯಾಪಾರಿಗಳು ಮೊದಲನೆಯದನ್ನು ಎರಡನೆಯದಾಗಿ ಮಾರುತ್ತಾರೆ. ಅವಸರದ ಸಂದೇಹವಾದಿಗಳು ಮೊದಲನೆಯದು ಇದೆ ಅನ್ನುವುದನ್ನೇ ಮರೆಯುತ್ತಾರೆ.

1918ರ ಮಾರ್ಚ್‌ನಲ್ಲಿ ಬಾರ್ಬಡೋಸ್‌ನಿಂದ ಹೊರಟು 306 ಜನರೊಂದಿಗೆ ಕಾಣೆಯಾದ ‘ಸೈಕ್ಲಾಪ್ಸ್’ ಹಡಗನ್ನೇ ತಗೊಳ್ಳಿ. ಒಂದು ಎಂಜಿನ್ ಕೆಟ್ಟಿತ್ತು, ಹೊಟ್ಟೆಯಲ್ಲಿ ಭಾರದ ಮ್ಯಾಂಗನೀಸ್ ಅದಿರಿತ್ತು. ಅದರ ಜೊತೆಯ ಮಾದರಿಯ ಎರಡು ಹಡಗುಗಳು 1941ರಲ್ಲಿ ಇದೇ ರೀತಿ ಅದಿರು ಹೊತ್ತು ಅಟ್ಲಾಂಟಿಕ್‌ನಲ್ಲಿ ಕಾಣೆಯಾದವು. ಹಡಗಿನ ರಚನೆಯಲ್ಲೇ ದೌರ್ಬಲ್ಯ ಇತ್ತೇ ಎಂಬ ಅನುಮಾನ ಸಹಜ. ಆದರೆ ಸೈಕ್ಲಾಪ್ಸ್ ಅವಶೇಷ ಸಿಕ್ಕಿಲ್ಲ, ಆದ್ದರಿಂದ ಅದು ಅನುಮಾನವೇ ಹೊರತು ತೀರ್ಪಲ್ಲ. ಹಾಗೇ 2014ರ ಮಾರ್ಚ್ 8ರಂದು 239 ಜನರೊಂದಿಗೆ ಹೋದ ಮಲೇಷ್ಯಾದ ಎಂಎಚ್370. ಅದರಲ್ಲಿ ಐವರು ಭಾರತೀಯರಿದ್ದರು. 2015ರ ಜುಲೈನಲ್ಲಿ ರೆಯೂನಿಯನ್ ದ್ವೀಪದಲ್ಲಿ ರೆಕ್ಕೆಯ ಒಂದು ಭಾಗ ಸಿಕ್ಕಿತು, ಅಂದರೆ ವಿಮಾನ ಹಿಂದೂ ಮಹಾಸಾಗರದಲ್ಲಿ ಕೊನೆಗೊಂಡಿತು ಅನ್ನುವುದಕ್ಕೆ ಗಟ್ಟಿ ಸಾಕ್ಷಿ. ಯಾಕೆ ಅನ್ನುವುದನ್ನು 2018ರ ಅಧಿಕೃತ ವರದಿಯೂ ನಿರ್ಧರಿಸಲಿಲ್ಲ. ಇಲ್ಲಿ ಪ್ರಾಮಾಣಿಕ ಉತ್ತರ ಇಷ್ಟೇ: ಎಲ್ಲಿ ಎಂಬುದು ಸುಮಾರಾಗಿ ಗೊತ್ತು, ಯಾಕೆ ಎಂಬುದು ಗೊತ್ತಿಲ್ಲ.

೬. ಉತ್ತರ ಯಾಕೆ ಬೇಕು?

2015ರ ಅಕ್ಟೋಬರ್ 1ರಂದು ‘ಎಲ್ ಫಾರೊ’ ಎಂಬ ಸರಕು ಹಡಗು ಬಹಾಮಾಸ್ ಹತ್ತಿರ, ಅಂದರೆ ತ್ರಿಕೋನದ ಒಳಗೇ, 33 ಜನರೊಂದಿಗೆ ಮುಳುಗಿತು. ಇದನ್ನು ಯಾರೂ ತ್ರಿಕೋನದ ರಹಸ್ಯ ಅನ್ನುವುದಿಲ್ಲ. ಯಾಕೆ? ಹಡಗು ಸುಮಾರು 4,600 ಮೀಟರ್ ಆಳದಲ್ಲಿ ಪತ್ತೆಯಾಯಿತು, ಮುಂದಿನ ವರ್ಷ ಅದರ ಧ್ವನಿಮುದ್ರಣ ಪೆಟ್ಟಿಗೆಯನ್ನು ಮೇಲೆ ತಂದರು. ಸುಮಾರು 26 ಗಂಟೆಗಳ ಮಾತು ಅದರಲ್ಲಿತ್ತು. ವೋಕಿನ್ ಚಂಡಮಾರುತದ ಬಗ್ಗೆ ಹಳೆಯ ಹವಾಮಾನ ಮಾಹಿತಿ ನೆಚ್ಚಿದ್ದು, ಒಳಗೆ ನೀರು ನುಗ್ಗಿದ್ದು, ಹಡಗು ವಾಲಿ ಎಂಜಿನ್ ನಿಂತದ್ದು, ಹಳೇ ಕಾಲದ ತೆರೆದ ಜೀವರಕ್ಷಕ ದೋಣಿಗಳು, ಒಂದೊಂದೇ ಹೊರಬಂದವು. ಆ ಪೆಟ್ಟಿಗೆ ಸಿಗದೇ ಹೋಗಿದ್ದರೆ ಇಂದು ಅದಕ್ಕೂ ಒಂದು ‘ಅಂತೆ’ ಇರುತ್ತಿತ್ತು.

ಉತ್ತರ ಸಿಕ್ಕಾಗ ನಿಯಮ ಬದಲಾಗುತ್ತದೆ. ಕೆಲವೊಮ್ಮೆ ಉತ್ತರ ಸಿಗದ ನೋವಿನಿಂದಲೂ ಬದಲಾಗುತ್ತದೆ. ಎಂಎಚ್370 ನಂತರ, ಸಾಗರದ ಮೇಲೆ ಹಾರುವ ದೊಡ್ಡ ವಿಮಾನಗಳು ಎಲ್ಲಿವೆ ಎಂದು ಕನಿಷ್ಠ 15 ನಿಮಿಷಕ್ಕೊಮ್ಮೆ ತಿಳಿಯಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂತು. ನಮ್ಮ ದೇಶದ ಮೀನುಗಾರಿಕಾ ದೋಣಿಗಳಿಗೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆ ಬಂದಿದೆ. 2016ರ ಜುಲೈ 22ರಂದು ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಹೊರಟು 29 ಜನರೊಂದಿಗೆ ಬಂಗಾಳ ಕೊಲ್ಲಿಯಲ್ಲಿ ಕಾಣೆಯಾದ ವಾಯುಪಡೆಯ ಎಎನ್-32 ವಿಮಾನದ ಅವಶೇಷ ಏಳೂವರೆ ವರ್ಷ ಕಳೆದು, 2024ರ ಜನವರಿಯಲ್ಲಿ, ಸುಮಾರು 3,400 ಮೀಟರ್ ಆಳದಲ್ಲಿ ಕಂಡಿತು. ಕಂಡದ್ದು ಸಮುದ್ರತಳದ ಚಿತ್ರ ತೆಗೆಯುತ್ತಿದ್ದ ಮಾನವರಹಿತ ಯಂತ್ರಕ್ಕೆ. ಸಮುದ್ರ ನುಂಗಿದ್ದನ್ನು ಬಚ್ಚಿಡುವುದು ಮಂತ್ರದಿಂದಲ್ಲ, ಆಳದಿಂದ ಮತ್ತು ಕತ್ತಲೆಯಿಂದ. ಅದನ್ನು ಗೆಲ್ಲಲು ಬೇಕಾದದ್ದು ಒಳ್ಳೆಯ ಉಪಕರಣ, ದುಡ್ಡು, ಮತ್ತು ಹುಡುಕುವುದನ್ನು ನಿಲ್ಲಿಸದ ಜನ.

ಅಭ್ಯಾಸ: ಮುಂದಿನ ಸಲ ಮನೆಯ ಗುಂಪಿಗೆ ‘ನಿಗೂಢವಾಗಿ ಕಾಣೆ’ ಎಂಬ ಸಂದೇಶ ಬಂದಾಗ ಇವನ್ನು ಕೇಳಿಕೊಳ್ಳಿ.

1. ಇದನ್ನು ಮೊದಲು ಹೇಳಿದವರು ಯಾರು? ಉಳಿದವರು ನಕಲು ಮಾಡಿದ್ದಾರೆಯೇ?
2. ಆ ದಿನ, ಆ ಜಾಗದ ಹವಾಮಾನ ಹೇಗಿತ್ತು?
3. ಜಾಗ ನಿಜವಾಗಿ ಎಲ್ಲಿ? ನಕ್ಷೆ ತೆಗೆದು ನೋಡಿ.
4. ಎಷ್ಟರಲ್ಲಿ ಎಷ್ಟು? ಅಲ್ಲಿ ಒಟ್ಟು ಎಷ್ಟು ಓಡಾಟ ಇದೆ?
5. ಯಾವ ಸಾಕ್ಷಿ ಸಿಕ್ಕರೆ ಈ ವಿವರಣೆ ತಪ್ಪು ಅಂತ ಒಪ್ಪುತ್ತಾರೆ?
6. ಅದರಲ್ಲಿದ್ದವರು ಯಾರು? ಅವರ ಮನೆಯವರು ಇದನ್ನು ಓದಿದರೆ ಏನನ್ನಿಸುತ್ತದೆ?

ಆರನೇ ಪ್ರಶ್ನೆ ನಮ್ಮ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಸೇರಿಸಿದವಳು ಮಲ್ಪೆಯ ಕಡೆಯ ನಮ್ಮ ಗೆಳತಿ. ಸಂದೇಶವನ್ನು ಫಾರ್ವರ್ಡ್ ಮಾಡಿದ ಚಿಕ್ಕಪ್ಪನಿಗೆ ಉತ್ತರ ಬರೆಯುವಾಗಲೂ ಅದನ್ನೇ ಮೊದಲು ನೆನಪಿಡಿ. ಅವರ ಮೇಲೆ ಗೆಲ್ಲುವುದು ಬೇಡ, ಅವರ ಜೊತೆ ಕೂತು ನಕ್ಷೆ ತೆಗೆದು ನೋಡಿದರೆ ಸಾಕು.